ಎಂಟು ಬುಟ್ಟಿ

“ಏ ಮುದುಕಿ, ಇದು ಗೋಡೌನ್ ಐತೋ, ನಿಮ್ಮಪ್ಪನ ಮಠ ಐತೋ? ಬಿಸಿಲು ನೆತ್ತಿಗೆ ಬಂತು, ಮೂರನೇ ಬುಟ್ಟಿ ಇನ್ನೂ ತುಂಬಿಲ್ಲ. ಕೈಗೇನ ಲಕ್ವಾ ಹೊಡದೈತಿ?”

ಮೇಲ್ವಿಚಾರಕ ವಿಜಯಮಹಾಂತೇಶ ಜಯವ್ವನ ಬುಟ್ಟಿಗೆ ಬೂಟುಗಾಲಿನಿಂದ ಒದ್ದ. ತೊಟ್ಟು ತೆಗೆದ ಮೆಣಸಿನಕಾಯಿಯೆಲ್ಲ ತೊಟ್ಟು ತೆಗೆಯದ ರಾಶಿಯ ಮೇಲೆ ಚೆಲ್ಲಿ ಕಲೆತುಹೋಯಿತು. ಜಯವ್ವ ಅವನ ಮುಖ ನೋಡಲಿಲ್ಲ. ಚೆಲ್ಲಿದ್ದನ್ನು ಒಂದೊಂದಾಗಿ ಆರಿಸಿ ಮತ್ತೆ ಬುಟ್ಟಿಗೆ ಹಾಕತೊಡಗಿದಳು. ಅರವತ್ತು ದಾಟಿದ ಅವಳ ಬೆರಳ ಗೆಣ್ಣುಗಳು ಹಸಿಶುಂಠಿಯ ಹಾಗೆ ಗಂಟುಗಂಟಾಗಿದ್ದವು.

ಪಕ್ಕದಲ್ಲಿ ಕುಳಿತಿದ್ದ ಕರೆವ್ವ ತನ್ನ ಬಲಗೈ ಹೆಬ್ಬೆರಳನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು. ಆ ಸಾಲಿನ ಹೆಂಗಸರೆಲ್ಲ ಹಾಗೆಯೇ ಮಾಡಿದರು.

“ನೀ ಏನ್ ಬೇ ಮಿಕಮಿಕ ನೋಡ್ತಿ?” ಅವನ ಕಣ್ಣು ಕರೆವ್ವನ ಮೇಲೆ ಬಿತ್ತು. “ಎಂಟು ಬುಟ್ಟಿ ಆಗದ ಎದ್ದಿ ಅಂದ್ರ ಹಾಜರಿ ಇಲ್ಲ, ತಿಳೀತಾ?”

“ಎಲ್ಲಿ ಏಳ್ಲಿರಿ? ಮುಂಜಾನಿಂದ ಕುಂತು ಕುಂತು ಮುಕಳಿಗೆ ಬೇರು ಬಂದಾವು.”

ಮೂಗಿಗೆ ಕಟ್ಟಿಕೊಂಡ ಬಟ್ಟೆಯೊಳಗೇ ಹೆಂಗಸರು ಕಿಸಕ್ಕೆಂದರು. “ನಗ್ರಿ ರಂಡೇರ, ನಗ್ರಿ,” ಎನ್ನುವಷ್ಟರಲ್ಲಿ ಅವನಿಗೆ ಸೀನು ಬಂತು. ಒಂದಲ್ಲ, ಏಳೆಂಟು. ಕಣ್ಣು ಒರೆಸಿಕೊಳ್ಳುತ್ತ ಹೊರಗೆ ಓಡಿದ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ ಎಂದು ಪೇಟೆಯವರೆಲ್ಲ ಹೇಳುತ್ತಾರೆ. ಆ ಮಾತು ಹೇಳುವವರು ಗೋಡೌನಿನಲ್ಲಿ ಒಂದು ತಾಸು ಕೂತು ನೋಡಿದವರಲ್ಲ. ಗೋಡೆಯಲ್ಲಿ ಎರಡು ದೊಡ್ಡ ಫ್ಯಾನು ತಿರುಗುತ್ತಿದ್ದರೂ ವಿಜಯಮಹಾಂತೇಶ ಒಳಗೆ ಹತ್ತು ನಿಮಿಷ ನಿಂತದ್ದೇ ಹೆಚ್ಚು.

ಅವನು ಬಾಗಿಲು ದಾಟಿದ ಮೇಲೆ ಹೆಬ್ಬೆರಳುಗಳು ಸೆರಗಿನಿಂದ ಹೊರಬಂದವು. ಒಂದೊಂದಕ್ಕೂ ತಗಡಿನ ಒಂದು ಉಗುರು. ಕಾಯಿಯನ್ನು ಎಡಗೈಯಲ್ಲಿ ಹಿಡಿ, ತೊಟ್ಟಿನ ಬುಡಕ್ಕೆ ಉಗುರು ಕೊಡು, ಟಕ್. ಕಾಯಿ ಒಡೆಯುವುದಿಲ್ಲ, ಬೀಜ ಚೆಲ್ಲುವುದಿಲ್ಲ. ಗೋಡೌನು ತುಂಬ ಟಕ್ ಟಕ್ ಟಕ್.

ಜಯವ್ವನ ಬೆರಳಿಗೆ ಮಾತ್ರ ಆ ಉಗುರು ಏರುತ್ತಿರಲಿಲ್ಲ.

ಆ ಉಗುರು ಹುಟ್ಟಿದ್ದು ಬ್ಯಾಡಗಿಯಲ್ಲಲ್ಲ. ಕರೆವ್ವನ ತವರು ಕುಪ್ಪೇಲೂರು. ರಾಣೆಬೆನ್ನೂರು ಕಡೆಯ ಬೀಜದ ಹೊಲಗಳಲ್ಲಿ ಅವಳು ಹದಿನೈದು ವರ್ಷ ಟೊಮ್ಯಾಟೊ ಕ್ರಾಸಿಂಗ್ ಮಾಡಿದವಳು. ಒಂದು ಗಿಡದ ಮೊಗ್ಗು ಬಿಡಿಸಿ ಗಂಡುಭಾಗ ಕಿತ್ತು, ಮರುದಿನ ಇನ್ನೊಂದು ಗಿಡದ ಹೂಪುಡಿಯನ್ನು ಅದಕ್ಕೆ ಮುಟ್ಟಿಸಬೇಕು. ಆ ಪುಡಿ ತುಂಬಿಕೊಳ್ಳಲು ಹೆಬ್ಬೆರಳಿಗೆ ಒಂದು ಉಂಗುರ, ಉಂಗುರದ ಮೇಲೆ ಕಡಲೆಕಾಳಿನಷ್ಟು ಬಟ್ಟಲು. ಕರೆವ್ವನ ಕೈ ಆ ಕೆಲಸದಲ್ಲಿ ಮಿಂಚಿನ ಹಾಗೆ ಆಡುತ್ತಿತ್ತು. ಬೀಜದ ಕಂಪನಿಯ ದಲ್ಲಾಳಿ ಅದನ್ನು ನೋಡಿ ಖುಷಿಪಟ್ಟ. ಮರುವಾರವೇ, “ಕರೆವ್ವಗ ಆಗೂದು ನಿಮಗ್ಯಾಕ ಆಗಂಗಿಲ್ಲ?” ಎಂದು ಅವಳು ಮುಗಿಸುವಷ್ಟು ಸಾಲುಗಳನ್ನು ಎಲ್ಲರಿಗೂ ಗೊತ್ತುಮಾಡಿದ. ಆಗ ಕರೆವ್ವನ ತಂಗಿ ಶೀಲಾ ಹಸಿಬಾಣಂತಿ. ಬದುವಿನಲ್ಲಿ ಕೂಸು ಮಲಗಿಸಿ ಬರುತ್ತಿದ್ದವಳಿಗೆ ಅಷ್ಟು ಸಾಲು ಮುಟ್ಟಲಾಗಲಿಲ್ಲ. ಅವಳನ್ನು ಹೊಲದಿಂದ ಕಳಿಸಿದರು. ಶೀಲಾ ಅಕ್ಕನ ಜೊತೆ ನಾಲ್ಕು ವರ್ಷ ಮಾತಾಡಲಿಲ್ಲ.

ಬಗ್ಗಿ ಬಗ್ಗಿ ನಡು ಹೋದ ಮೇಲೆ ಕರೆವ್ವ ಬ್ಯಾಡಗಿಗೆ ಬಂದು ನಿಜಲಿಂಗಪ್ಪ ಸಾವ್ಕಾರರ ಗೋಡೌನು ಸೇರಿದಳು. ಟ್ರಂಕಿನಲ್ಲಿ ಬಂದಿದ್ದ ಹಳೆಯ ಉಂಗುರವನ್ನು ಒಂದು ದಿನ ಸುಮ್ಮನೆ ಬೆರಳಿಗೆ ಹಾಕಿಕೊಂಡಿದ್ದಳು. ಬಟ್ಟಲಿನ ಸವೆದ ಅಂಚು ಮೆಣಸಿನಕಾಯಿಯ ತೊಟ್ಟಿಗೆ ತಾಗಿ, ಟಕ್ ಎಂದಿತು. ಪಕ್ಕದ ಬೇನಜೀರ ಕಣ್ಣರಳಿಸಿ, “ಯಕ್ಕಾ, ಇದನ್ನ ಇನ್ನೊಮ್ಮಿ ಮಾಡು,” ಎಂದಳು. ಅವಳ ಗಂಡ ಮುಜಾಫರ ಬಸ್‌ಸ್ಟ್ಯಾಂಡಿನ ಹಿಂದೆ ಸ್ಟೋ ರಿಪೇರಿ ಮಾಡುವವನು. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಒಬ್ಬೊಬ್ಬರ ಹೆಬ್ಬೆರಳ ಅಳತೆಗೆ ಇಪ್ಪತ್ತೆರಡು ಉಗುರು ಬಡಿದುಕೊಟ್ಟ.

ದಿನಗೂಲಿಗೆ ಎಂಟು ಬುಟ್ಟಿ. ಅದು ಆ ಗೋಡೌನಿನ ಕಟ್ಟು. ಬರಿಗೈಯಲ್ಲಿ ಎಂಟು ಮುಗಿಯಲು ಹೊತ್ತು ಮುಳುಗುತ್ತಿತ್ತು. ಉಗುರು ಬಂದ ಮೇಲೆ ಮೂರು ಗಂಟೆಗೇ ಮುಗಿಯತೊಡಗಿತು.

“ಮುಗದದ್ದು ಯಾರಿಗೂ ಗೊತ್ತಾಗಬಾರ್ದು,” ಎಂದು ಕರೆವ್ವ ಮೊದಲ ದಿನವೇ ಎಲ್ಲರ ಕೈ ಹಿಡಿದು ಆಣೆ ಹಾಕಿಸಿದ್ದಳು. “ಗೊತ್ತಾತಂದ್ರ ಎಂಟು ಹೋಗಿ ಹನ್ನೆರಡಾಗತೈತಿ. ನಾ ಕಂಡೇನಿ.”

ಹೀಗೆ ಉಳಿದ ಮೂರು ತಾಸನ್ನು ಅವರು ಗೋಣಿಚೀಲದ ಕೆಳಗೆ ಬಚ್ಚಿಟ್ಟ ಹಾಗೆ ಬಚ್ಚಿಟ್ಟಿದ್ದರು. ತುಂಬಿದ ಬುಟ್ಟಿಗಳಿಗೆ ಗೋಣಿ ಮುಚ್ಚಿ, ಮುಂದೆ ಒಂದಿಷ್ಟು ರಾಶಿ ಹಾಕಿಕೊಂಡು ಕೈಯಾಡಿಸುತ್ತ ಕೂರುವುದು. ಆ ಹೊತ್ತಿನಲ್ಲಿ ಮೊದಲು ಜಯವ್ವನ ಬುಟ್ಟಿಗೆ ಎಲ್ಲರೂ ಒಂದೊಂದು ಹಿಡಿ. ಆಮೇಲೆ ಇಬ್ಬಿಬ್ಬರಾಗಿ ಎದ್ದು, ಕೈಗೆ ಕೊಬ್ಬರಿಎಣ್ಣೆ ಸವರಿ, ಮಜ್ಜಿಗೆಯಲ್ಲಿ ತೊಳೆದು, ಗೋಡೆಯ ಹಿಂದೆ ಹೋಗಿಬರುವುದು. ಇದು ಸಣ್ಣ ಮಾತಲ್ಲ. ಮೆಣಸಿನಕಾಯಿ ಮುಟ್ಟಿದ ಕೈಯಲ್ಲಿ ಉಚ್ಚೆಗೆ ಹೋದ ಹೆಂಗಸು ಆಮೇಲೆ ದಿನವಿಡೀ ಬೆಂಕಿಯ ಮೇಲೆ ಕುಳಿತ ಹಾಗೆ. ಸರಿಯಾಗಿ ಕೈ ತೊಳೆಯಲು ಅರ್ಧ ತಾಸು ಬೇಕು. ಮೊದಲೆಲ್ಲ ಅದಕ್ಕೆ ಪುರಸೊತ್ತಿಲ್ಲದೆ ಬೆಳಿಗ್ಗೆಯಿಂದ ಸಂಜೆಯವರೆಗೆ ನೀರೇ ಕುಡಿಯುತ್ತಿರಲಿಲ್ಲ. ಈಗ ಗೋಡೌನಿನ ಮೂಲೆಗೆ ಒಂದು ಕೊಡ ನೀರು ಬಂದಿತ್ತು. ಮಧ್ಯಾಹ್ನದೊಳಗೆ ಖಾಲಿಯಾಗುತ್ತಿತ್ತು.

ಇದೆಲ್ಲ ಏಳು ತಿಂಗಳು ನಡೆಯಿತು. ಹಾಳಾದದ್ದು ಆಯುಧ ಪೂಜೆಯ ದಿನ.

ಮಹಾನವಮಿಗೆ ಗೋಡೌನಿನಲ್ಲಿ ತಕ್ಕಡಿ, ಚೀಲ ಎತ್ತುವ ಕೊಂಡಿ, ಗೋಣಿ ಹೊಲಿಯುವ ದಬ್ಬಣ, ಸಾವ್ಕಾರರ ಕಾರು, ಎಲ್ಲಕ್ಕೂ ವಿಭೂತಿ, ಚೆಂಡುಹೂವು. ಹಮಾಲರಿಗೆ ಕೊಂಡಿ ಇತ್ತು, ಗುಮಾಸ್ತನಿಗೆ ತಕ್ಕಡಿ ಇತ್ತು. ಹೆಂಗಸರಿಗೆ ಪೂಜೆಗಿಡಲು ಯಾವತ್ತೂ ಏನೂ ಇರಲಿಲ್ಲ. ಬಾಗಿಲಲ್ಲಿ ನಿಂತು ಚುರುಮುರಿ, ಬಾಳೆಹಣ್ಣು ಇಸಿದುಕೊಂಡು ಹೋಗುವುದಷ್ಟೇ. ಜಯವ್ವನಿಗೆ ಆ ವರ್ಷ ಅದು ಮನಸ್ಸಿಗೆ ಬರಲಿಲ್ಲ. ಆಯುಧ ಅಂತ ಒಂದು ಬಂದ ಮೇಲೆ ಅದನ್ನು ಪೂಜೆ ಇಲ್ಲದೆ ಬಿಟ್ಟರೆ ದೇವಿ ಮುನಿಯುತ್ತಾಳೆ, ಮುನಿದರೆ ಹುಡುಗಿಯರ ಕೈಗೆ ಪೆಟ್ಟಾಗುತ್ತದೆ. ದಿನಾ ಸಂಜೆ ಎಲ್ಲರೂ ಉಗುರು ಬಿಚ್ಚಿಡುವ ಡಬ್ಬಿ ಅವಳ ಬಳಿಯೇ ಇರುತ್ತಿತ್ತು. ಬೆಳಿಗ್ಗೆ ಯಾರೂ ಬರುವ ಮೊದಲು ಬಂದು, ಇಪ್ಪತ್ತೆರಡನ್ನೂ ತೊಳೆದು, ಕುಂಕುಮ ಹಚ್ಚಿ, ತಕ್ಕಡಿಯ ಬುಡದಲ್ಲಿಟ್ಟು, ಮೇಲೆ ಎರಡು ಬೊಗಸೆ ಹೂವು ಮುಚ್ಚಿದಳು. ಹೂವಿನ ಕೆಳಗೆ ಯಾರಿಗೆ ಕಾಣುತ್ತದೆ?

ಪೂಜೆಗೆ ಬಂದ ಅಯ್ಯನವರು ಹೂವು ಸರಿಸಿದರು.

“ಇವೇನೋ ಇವು? ತಕ್ಕಡಿ ಹಂತೇಕ ಯಾರು ಬಂದಿದ್ರು?”

“ನಾನ್ರಿ ಅಯ್ಯಾರ,” ಜಯವ್ವ ಬಾಗಿಲಿನಿಂದಲೇ ಕೈ ಮುಗಿದಳು. “ನಮ್ಮ ಹುಡುಗ್ಯಾರ ಆಯುಧರಿ.”

“ಕೇರಿ ಹೆಂಗಸು ತಕ್ಕಡಿ ಮುಟ್ಟಿ ಹೋಗೇತಿ, ನೀವು ನನ್ನ ಕಡೆ ಪೂಜಿ ಮಾಡಸಾಕತ್ತೀರಿ!” ಅಯ್ಯನವರು ಹಿಂದೆ ಸರಿದರು. “ನೀರು ತರ್ರಿ, ಮೊದಲು ಇದನ್ನ ತೊಳೀರಿ. ಆ ಕಸ ಎತ್ತಿ ಒಗೀರಿ ಹೊರಗ.”

ವಿಜಯಮಹಾಂತೇಶ ಉಗುರುಗಳನ್ನು ಕಾಲಿನಿಂದ ತಳ್ಳಲು ಹೋದ. ನಿಜಲಿಂಗಪ್ಪ ಸಾವ್ಕಾರರು ಅವನನ್ನು ತಡೆದರು. ಬಗ್ಗಿ ಒಂದನ್ನು ಎತ್ತಿಕೊಂಡರು. ಕನ್ನಡಕ ಹಣೆಗೇರಿಸಿ, ಅಂಚಿನಲ್ಲಿ ಕೂತಿದ್ದ ಕೆಂಪನ್ನು ನೋಡಿದರು, ಮೂಸಿದರು, ತಮ್ಮ ಹೆಬ್ಬೆರಳಿಗೆ ಹಾಕಿ, ಜೇಬಿನ ಪೆನ್ನಿನ ತುದಿಗೆ ಕೊಟ್ಟು ಮೀಟಿದರು. ಅವರ ಮುಖದಲ್ಲಿ ಸಣ್ಣ ನಗು ಮೂಡಿತು. ಒದೆಯುವ ಮನುಷ್ಯನನ್ನು ಕಂಡರೆ ಕರೆವ್ವನಿಗೆ ಅಂಜಿಕೆ ಇರಲಿಲ್ಲ. ಆ ನಗು ಕಂಡು ಅವಳು ಉಗುರಿಲ್ಲದ ಹೆಬ್ಬೆರಳನ್ನೂ ಸೆರಗಿನೊಳಗೆ ಎಳೆದುಕೊಂಡಳು.

“ಬಾರವಾ ಮುಂದ. ಅಂಜಬ್ಯಾಡ. ಯಾರ ಬುದ್ಧಿ ಇದು?”

ಹೆಂಗಸರೆಲ್ಲ ನೆಲ ನೋಡಿದರು. ಜಯವ್ವನೊಬ್ಬಳೇ, ದೊಡ್ಡ ಮನುಷ್ಯರು ಮೆಚ್ಚಿಕೊಂಡರಲ್ಲ ಎಂಬ ಸಂಭ್ರಮಕ್ಕೆ, “ನಮ್ಮ ಕರೆವ್ವಂದ್ರಿ ಸಾವ್ಕಾರ್ರ,” ಎಂದುಬಿಟ್ಟಳು.

ಹಬ್ಬ ಕಳೆದ ಮೂರನೇ ದಿನ ಮಧು ಬಂದ. ಮೆಣಸಿನಕಾಯಿಯಿಂದ ಬಣ್ಣ ಹಿಂಡುವ ಕಂಪನಿಯವನು. ಸಾವ್ಕಾರರ ಮಾಲು ಹೋಗುವುದೂ ಅಲ್ಲಿಗೇ, ಹಾವೇರಿಯಿಂದ ರಾಣೆಬೆನ್ನೂರಿನವರೆಗೆ ಇನ್ನೂ ಹತ್ತು ಗೋಡೌನುಗಳ ಮಾಲು ಹೋಗುವುದೂ ಅಲ್ಲಿಗೇ. ಇಸ್ತ್ರಿ ಅಂಗಿ, ಮೂಗಿಗೆ ಬಿಳಿ ಮಾಸ್ಕು. ತುಂಬ ಮರ್ಯಾದಸ್ಥ.

“ಅಮ್ಮಾ, ಕೈ ಸ್ವಲ್ಪ ಬೆಳಕಿಗೆ ತನ್ನಿ. ಹಾಂ, ಹಾಗೇ. ಮುಖ ಬೇಡ, ಕೈ ಸಾಕು. ಸೆರಗು ಆ ಕಡೆ ಸರಿಸಿ, ಅಡ್ಡ ಬರ್ತಿದೆ.”

ಮೊಬೈಲಿನಲ್ಲಿ ಅವಳ ಕೈಯನ್ನು ಮೇಲಿಂದ, ಕೆಳಗಿಂದ, ಹತ್ತಿರದಿಂದ ಹಿಡಿದುಕೊಂಡ. ಒಂದು ನಿಮಿಷಕ್ಕೆ ಎಷ್ಟು ಕಾಯಿ ಎಂದು ನೋಡಿದ. ಕರೆವ್ವ ಬೇಕೆಂದೇ ನಿಧಾನ ಮಾಡಿದಳು. ಅವಳ ಬೆರಳು ಮಾತ್ರ ಅವಳ ಮಾತು ಕೇಳಲಿಲ್ಲ. ನಾಲ್ಕನೇ ಕಾಯಿಗೆ ತಾವಾಗಿಯೇ ಓಟ ಹಿಡಿದವು.

“ಎಕ್ಸಲೆಂಟ್,” ಎಂದ ಮಧು. “ಇದು ನಮ್ಮ ಎಲ್ಲಾ ಸಪ್ಲೈಯರ್ಸಿಗೂ ಮುಟ್ಟಬೇಕು ಸರ್. ಎಲ್ಲರೂ ಒಟ್ಟಿಗೆ ಬೆಳೀಬೇಕಲ್ವಾ?”

ಹದಿನೈದು ದಿನಕ್ಕೆ ಒಂದು ಡಬ್ಬಿ ಬಂತು. ಒಳಗೆ ಸ್ಟೀಲಿನ ಉಗುರುಗಳು, ಪಳಪಳ, ಎಲ್ಲವೂ ಒಂದೇ ಅಳತೆ. ಬೇನಜೀರಳ ಸಣ್ಣ ಬೆರಳಿಗೆ ಜಾರುತ್ತಿದ್ದವು, ದಪ್ಪ ಬೆರಳಿನವರಿಗೆ ಕಚ್ಚಿ ನೆತ್ತರು ಬರಿಸುತ್ತಿದ್ದವು. ಡಬ್ಬಿಯ ಜೊತೆ ಗೋಡೆಗೆ ಒಂದು ಹಾಳೆಯೂ ಬಂತು. ಓದಲು ಬರದವರಿಗೆ ವಿಜಯಮಹಾಂತೇಶ ಓದಿ ಹೇಳಿದ.

“ಇವತ್ತಿಂದ ಹನ್ನೆರಡು ಬುಟ್ಟಿ. ಇಷ್ಟು ದಿವಸ ಮೂರಕ್ಕ ಮುಗಿಸಿ ಮಕ್ಕೊಂತಿದ್ರಿ ಅಲ್ಲ, ಕಳ್ಳಸೂಳೇರ? ಸಾವ್ಕಾರ್ರ ಉಪ್ಪು ತಿಂದು ಸಾವ್ಕಾರ್ರ ಹೊತ್ತು ಕದ್ದೀರಿ.”

ಕೂಲಿ ಅದೇ. ಮೂಲೆಯ ಕೊಡದ ನೀರು ಸಂಜೆಯವರೆಗೂ ಹಾಗೇ ಉಳಿಯತೊಡಗಿತು.

ಒಂದು ಮಧ್ಯಾಹ್ನ ಕರೆವ್ವನ ಫೋನು ಬಡಿದುಕೊಂಡಿತು. ರಾಣೆಬೆನ್ನೂರಿನಿಂದ ಕಾವೇರಿ, ಶೀಲಾಳ ಮಗಳು. ಅಂದು ಬದುವಿನಲ್ಲಿ ಮಲಗಿದ್ದ ಆ ಕೂಸು ಈಗ ರಾಣೆಬೆನ್ನೂರಿನ ಗೋಡೌನಿನಲ್ಲಿ ತೊಟ್ಟು ಮುರಿಯುತ್ತಿದ್ದಳು.

“ದೊಡ್ಡವ್ವಾ, ನಿನ್ನ ಕೈ ನಮ್ಮ ಗೋಡೌನ್‌ನ್ಯಾಗ ಟಿವಿಯೊಳಗ ಬಂದೈತಿ.”

“ನಂದು ಅಂತ ಹೆಂಗ ಹೇಳ್ತಿ? ಮುಖ ತಗದಿಲ್ಲಲ್ಲ ಅವ.”

“ಕುಡಗೋಲು ತಾಗಿದ್ದ ಕಲಿ ಐತೆಲ್ಲ, ಹೆಬ್ಬಟ್ಟಿನ ಬುಡಕ. ನೋಡಿದ ಕೂಡಲೆ ಗುರ್ತು ಹಿಡದ್ನಿ. ಯಾರಿಗೂ ಹೇಳ್ಲಿಲ್ಲ. ಹೇಳಿದ್ರ ನನ್ನ ಹರಕೊಂಡು ತಿಂತಿದ್ರು. ನಮಗ ಹದಿಮೂರು ಮಾಡ್ಯಾರ. ಬ್ಯಾಡಗಿಯೊಳಗ ಹದಿನಾಲ್ಕು ಮಾಡ್ತಾರಂತ, ನಿಮಗೇನು ಧಾಡಿ ಅಂತಾರ.” ಆಮೇಲೆ, “ಅವ್ವಗ ಹೇಳ್ಲೇನ, ನಿನ್ನ ಕೈ ಮತ್ತ ಬಂತು ಅಂತ?” ಎಂದಳು. ಫೋನು ಇಟ್ಟುಬಿಟ್ಟಳು.

ಆ ವಾರವೇ ಜಯವ್ವನ ಸರದಿ. ಹೊತ್ತು ಮುಳುಗಿದಾಗ ಅವಳ ಮುಂದೆ ಆರು ಬುಟ್ಟಿ. ತುಂಬಿಕೊಡಲು ಯಾರ ಕೈಯಲ್ಲೂ ಹೊತ್ತಿರಲಿಲ್ಲ. ವಿಜಯಮಹಾಂತೇಶ ಅವಳ ಚೀಲ, ಬುತ್ತಿಗಂಟು, ಕೂರುವ ಗೋಣಿ ಎಲ್ಲ ಸುತ್ತಿ ಬಾಗಿಲ ಹೊರಗೆ ಎಸೆದ.

“ಆಯುಧ ಪೂಜಿ ಮಾಡಿದ್ಯಲ್ಲ? ಹೋಗು, ದೇವಿ ಹಾಕ್ತಾಳ ಅನ್ನ.”

ಜಯವ್ವ ಅಳಲಿಲ್ಲ. ಗಂಟಿನಿಂದ ಉರುಳಿದ ಎಣ್ಣೆಯ ಬಾಟಲಿ ಹುಡುಕುತ್ತ ಧೂಳಿನಲ್ಲಿ ಕೈಯಾಡಿಸಿದಳು. “ನಂದ ತಪ್ಪವಾ,” ಎಂದು ಯಾರಿಗೋ ಹೇಳಿದಳು. “ನಾ ಹೂವು ಇನ್ನಷ್ಟು ಹಾಕಬೇಕಿತ್ತು.”

ಬೇನಜೀರ ಕರೆವ್ವನ ರಟ್ಟೆ ಹಿಡಿದು ಜಗ್ಗಿದಳು. “ನೋಡು! ಕಣ್ತುಂಬ ನೋಡು ನಿನ್ನ ಉಗುರಿನ ಕೆಲಸ! ಮೂರು ದಿನದಿಂದ ನಾ ಹನಿ ನೀರು ಕುಡದಿಲ್ಲ. ನಿನ್ನೆ ತಡಿಲಾರದ ಹೋದೆ, ರಾತ್ರಿಯಿಡೀ ತಣ್ಣೀರಿನ ಬೋಗಾಣ್ಯಾಗ ಕುಂತಿದ್ದೆ. ನನ್ನ ಗಂಡನ ಕೈಲೆ ಬಡಿಸಿದ್ಯಲ್ಲೇ ಅದನ್ನ!”

ಕರೆವ್ವ ರಟ್ಟೆ ಬಿಡಿಸಿಕೊಂಡು ನೇರ ಸಾವ್ಕಾರರ ಅಂಗಡಿಗೆ ನಡೆದಳು. ಸಾವ್ಕಾರರು ಅವಳನ್ನೇ ಕಾಯುತ್ತಿದ್ದ ಹಾಗೆ ಕುಳಿತಿದ್ದರು. ಪಕ್ಕದಲ್ಲಿ ಮಧು.

“ಮುದುಕಿನ ಒಳಗ ಕರಸ್ಕೋರಿ,” ಎಂದಳು ಕರೆವ್ವ. “ಆಕಿಗೆ ಎಂಟ ಇರ್ಲಿ.”

“ಕರಸ್ಕೋತೇನಿ, ಅದಕ್ಕೇನಂತ,” ಸಾವ್ಕಾರರು ಅಡಿಕೆ ಬಾಯಿಗೆ ಹಾಕಿಕೊಂಡರು. “ಇವ್ರಿಗೊಂದು ತಾಪತ್ರಯ ಆಗೇತಿ. ಟಿವಿಯೊಳಗ ನೋಡಿ ಯಾರಿಗೂ ಕೈ ಕೂಡವಲ್ದಂತ. ಕಾಯಿ ಒಡ್ಯಾಕತ್ತಾವು. ನೀನ ಹೋಗಿ ಕಲಸಬೇಕು. ಹತ್ತೂ ಗೋಡೌನು. ಕಂಪನಿ ಜೀಪು ಕರಕೊಂಡು ಹೋಗತೈತಿ.”

“ಬರುವ ಸೋಮವಾರ ಎಲ್ಲಾ ಕಡೆ ಒಟ್ಟಿಗೆ ಹದಿನಾಲ್ಕು ಶುರು ಮಾಡ್ತೀವಿ ಅಮ್ಮಾ,” ಮಧು ನಯವಾಗಿ ಹೇಳಿದ. “ನಿಮ್ಮ ಹೆಸರಲ್ಲೇ. ಟ್ರೇನರ್ ಕರೆವ್ವ.”

“ಇಲ್ಲಂದ್ರ?”

“ಇಲ್ಲಂದ್ರ ಮುದುಕಿ ಹೊರಗ,” ಎಂದರು ಸಾವ್ಕಾರರು, ಅದೇ ನಗುವಿನಲ್ಲಿ. “ಆಕಿ ಬೆನ್ನಿಗೆ ನೀನೂ.”

ಕರೆವ್ವ ತನ್ನ ಹೆಬ್ಬೆರಳ ಕಲೆಯನ್ನು ನೋಡಿಕೊಂಡಳು. ಹೂಂ ಎಂದಳು. ಮರುದಿನ ಜೀಪು ಹತ್ತುವಾಗ ಹೆಂಗಸರ ಸಾಲಿನಿಂದ ಯಾರೋ ಕ್ಯಾಕರಿಸಿ ಉಗಿದರು. “ಕಂಪನಿ ಸೊಸಿ ಹೊಂಟ್ಲು ನೋಡ್ರೇ.”

ಮೊದಲ ಗೋಡೌನು ಹಾವೇರಿಯದು. ಐವತ್ತು ಹೆಂಗಸರು. ಯಾರೂ ಅವಳಿಗೆ ಕೂರಲು ಗೋಣಿ ಕೊಡಲಿಲ್ಲ.

“ಗಂಡಸರು ಹೊರಗ ನಡೀರಿ,” ಎಂದಳು ಕರೆವ್ವ. “ಸೀರಿ ಮೊಣಕಾಲಿನ ಮ್ಯಾಲೆ ಎತ್ತಿ ಕುಂದ್ರೂ ಕೆಲಸ ಇದು. ನೀವು ನಿಂತು ನೋಡಿದ್ರ ಯಾರು ಕಲೀತಾರ?”

ಮಧು ಕಿವಿಯವರೆಗೂ ಕೆಂಪಾಗಿ ಹೊರಗೆ ಹೋದ. ಬಾಗಿಲು ಮುಚ್ಚಿಕೊಂಡಿತು. ಕರೆವ್ವ ತನ್ನ ತಗಡಿನ ಉಗುರು ತೆಗೆದು ತೋರಿಸಿದಳು. ಸ್ಟೀಲಿನದನ್ನು ಬೆರಳಿಗೆ ತಕ್ಕಂತೆ ಬಾಗಿಸುವುದು ಹೇಗೆ, ಅಂಚಿಗೆ ದಾರ ಸುತ್ತುವುದು ಹೇಗೆ, ಎಲ್ಲವನ್ನೂ ಹೇಳಿಕೊಟ್ಟಳು. ಒಂದನ್ನೂ ಬಚ್ಚಿಡಲಿಲ್ಲ. ಕೈಗೆ ಸುಳ್ಳು ಕಲಿಸುವುದು ಅವಳಿಂದಾಗದ ಕೆಲಸ.

“ಕಲಿಸಿದ್ದು ಆತಲ್ಲ, ಇನ್ನ ಹೋಗು,” ಎಂದಳು ಒಬ್ಬ ಮುದುಕಿ. “ನಿಮ್ಮ ಬ್ಯಾಡಗಿಯೋರಿಂದ ನಮಗ ಸಾವು ಬಂದೈತಿ. ಹದಿನಾಲ್ಕು ಮಾಡ್ತೀರಂತಲ್ಲ? ಗಂಡಂದ್ರಿಲ್ಲೇನು ಮನ್ಯಾಗ?”

“ಯಾರು ಹೇಳಿದ್ರು ಹದಿನಾಲ್ಕಂತ? ನಮಗ ಹನ್ನೆರಡು ಮುಗಿಯೂದ್ರಾಗ ಹೆಣ ಬೀಳ್ತೈತಿ. ಹದಿನಾಲ್ಕು ಮಾಡೋರು ನೀವು ಅಂತ ನಮಗ ಹೇಳ್ಯಾರಲ್ಲ!”

ಟಕ್ ಟಕ್ ನಿಂತಿತು. ಐವತ್ತು ಜೋಡಿ ಕಣ್ಣುಗಳು ಬಟ್ಟೆಯ ಮೇಲಿನಿಂದ ಒಂದನ್ನೊಂದು ನೋಡಿಕೊಂಡವು.

“ಭಾಡ್ಯಾನ ಮಕ್ಳು,” ಎಂದಳು ಮುದುಕಿ, ಬಲು ಮೆಲ್ಲಗೆ.

ಕರೆವ್ವ ಎಲ್ಲರನ್ನೂ ಹತ್ತಿರ ಕರೆದಳು. ಏಳು ತಿಂಗಳ ಕತೆ ಹೇಳಿದಳು. ಮೂರು ಗಂಟೆ, ಮಜ್ಜಿಗೆ, ಗೋಡೆಯ ಹಿಂದೆ, ಮೂಲೆಯ ಕೊಡ. ಹದಿನಾಲ್ಕು ಶುರುವಾಗುವುದು ಸೋಮವಾರ. “ಆವತ್ತು ಎಂಟಕ್ಕ ಕೈ ನಿಂದ್ರಸೂದು. ಎಲ್ಲಾರೂ. ಒಂದ ಗೋಡೌನು ಒಂಬತ್ತು ಮಾಡ್ತಂದ್ರ ಉಳಿದೋರು ಸತ್ತಂಗ.”

“ಉಳಿದೋರು ನಿಂದ್ರಸ್ತಾರ ಅಂತ ನಮಗೇನು ನಂಬಿಕಿ?”

ಕೇಳಿದವಳು ಹಿಂದಿನ ಸಾಲಿನವಳು. ಆ ಮುದುಕಿಯೇ ನೆಲದಿಂದ ಎಂಟು ತೊಟ್ಟು ಆರಿಸಿ ಕರೆವ್ವನ ಕೈಗೆ ಹಾಕಿದಳು. “ಮುಂದಿನ ಗೋಡೌನ್ಯಾಗ ತೋರ್ಸು. ಹಾವೇರಿ ಹೆಂಗಸೂರು ಕೊಟ್ಟಾರ ಅನ್ನು.”

ಆರು ದಿನದಲ್ಲಿ ಹತ್ತು ಗೋಡೌನು. ಒಂಬತ್ತರಲ್ಲಿ ಸೆರಗಿನ ಗಂಟಿಗೆ ಎಂಟೆಂಟು ತೊಟ್ಟು ಬಿದ್ದವು. ಕಂಪನಿಯ ಜೀಪು ಅವಳನ್ನೂ ಅವಳ ಗಂಟನ್ನೂ ಊರಿಂದೂರಿಗೆ ಹೊತ್ತು ತಿರುಗಿತು. ಡೀಸೆಲು ಕಂಪನಿಯದೇ.

ಕಡೆಯದು ರಾಣೆಬೆನ್ನೂರಿನದು. ಮುಂದಿನ ಸಾಲಿನಲ್ಲೇ ಕಾವೇರಿ. ಕರೆವ್ವ ಹೇಳಿ ಮುಗಿಸುವವರೆಗೂ ತಲೆ ಎತ್ತಲಿಲ್ಲ.

“ನಮ್ಮವ್ವನ್ನ ಹೊಲದಿಂದ ಕಳಿಸಿದ್ದು ನಿನ್ನ ಕೈ,” ಎಂದಳು ಆಮೇಲೆ, ಎಲ್ಲರಿಗೂ ಕೇಳುವ ಹಾಗೆ. “ನನಗ ಹದಿಮೂರು ಹಚ್ಚಿದ್ದೂ ನಿನ್ನ ಕೈ. ಈಗ ಅದ ಕೈ ತಂದು ನಂಬು ಅಂತಿ.”

ಕರೆವ್ವ ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಕಾವೇರಿ ನೋಡಿದಳು. ಅವಳು ತೊಟ್ಟು ಕೊಡಲಿಲ್ಲ. ಅವಳು ಕೊಡದೆ ಉಳಿದವರೂ ಕೊಡಲಿಲ್ಲ. ಹೊರಗೆ ಮಧು ಹಾರ್ನ್ ಹೊಡೆಯುತ್ತಿದ್ದ.

ವಾಪಸು ಬಂದ ಸಂಜೆ ಕರೆವ್ವ ಆ ಗಂಟನ್ನು ಬೇನಜೀರಳ ಮಡಿಲಿಗೆ ಸುರಿದಳು. ಎಲ್ಲಿಂದ ಬಂದವು, ಯಾಕೆ ಬಂದವು ಎಂದಷ್ಟೇ ಹೇಳಿದಳು. ಬೇನಜೀರ ಒಣ ತೊಟ್ಟುಗಳ ಮೇಲೆ ಬಹಳ ಹೊತ್ತು ಕೈಯಾಡಿಸಿದಳು.

“ರಾಣೆಬೆನ್ನೂರು?”

“ಕೊಡ್ಲಿಲ್ಲ.”

ಸೋಮವಾರ ಮಧು ಬ್ಯಾಡಗಿಯ ಗೋಡೌನಿನಲ್ಲೇ ಕುರ್ಚಿ ಹಾಕಿಸಿಕೊಂಡು ಕುಳಿತ. ಪಕ್ಕದಲ್ಲಿ ಸಾವ್ಕಾರರು. ಜಯವ್ವ ತನ್ನ ಹಳೆಯ ಜಾಗದಲ್ಲಿ, ತನ್ನ ಹಳೆಯ ಗೋಣಿಯ ಮೇಲೆ. ಅಕ್ಕಪಕ್ಕದವರು ಕಣ್ಣು ತಪ್ಪಿಸಿ ಅವಳ ಬುಟ್ಟಿಗೆ ಆಗಾಗ ಒಂದೊಂದು ಹಿಡಿ ಹಾಕುತ್ತಿದ್ದರು. ಬೆಳಿಗ್ಗೆಯಿಂದ ಟಕ್ ಟಕ್ ಓಟ ಹಿಡಿದಿತ್ತು. ಮಧು ಎರಡು ಸಲ ಗಡಿಯಾರ ನೋಡಿ ನಕ್ಕ. ಹೀಗೇ ಹೋದರೆ ಹದಿನಾಲ್ಕು ಎಲ್ಲಿಯ ಮಾತು, ಹದಿನೈದೇ ಆದೀತು.

ಮೂರಕ್ಕೆ ಐದು ನಿಮಿಷವಿದ್ದಾಗ ಬೇನಜೀರ ಎಂಟನೇ ಬುಟ್ಟಿ ತುಂಬಿ, ಉಗುರು ಬಿಚ್ಚಿ ಮುಂದಿಟ್ಟು, ಕೈಕಟ್ಟಿ ಕುಳಿತಳು. ಅವಳ ಪಕ್ಕದವಳು ಕುಳಿತಳು. ಆ ಪಕ್ಕದವಳು. ಕರೆವ್ವ. ಸದ್ದು ಒಂದೊಂದೇ ಎಳೆ ಕಡಿಮೆಯಾಗುತ್ತ ಬಂದು, ಕೊನೆಗೆ ಒಂದೇ ಒಂದು ಉಳಿಯಿತು. ಜಯವ್ವನ ಬರಿಗೈಯ ಸದ್ದು. ಟಕ್. ಎಷ್ಟೋ ಹೊತ್ತಿಗೆ ಇನ್ನೊಂದು.

“ಏಳ್ರಿ! ಬುಟ್ಟಿ ತಗೋರಿ!” ವಿಜಯಮಹಾಂತೇಶ ಸಾಲಿನುದ್ದಕ್ಕೂ ಬುಟ್ಟಿ ಒದೆಯುತ್ತ ಬಂದ. “ಏನ್ ಮಾಡಾಕತ್ತೀರಿ, ಹಲ್ಕಟ್ ರಂಡೇರ?”

“ಮುಗೀತಲ್ರಿ,” ಎಂದಳು ಕರೆವ್ವ. “ಎಂಟು.”

ಮಧುವಿನ ಫೋನು ಬಡಿದುಕೊಂಡಿತು. ಹಾವೇರಿ. ಅವನ ಹುಬ್ಬುಗಳು ಕೂಡಿದವು. “ಎಂಟಕ್ಕೆ ನಿಂತ್ರಾ? ಯಾಕೆ?” ಆಮೇಲೆ ಇನ್ನೊಂದು ಕರೆ. ಮತ್ತೊಂದು. ಒಂದೊಂದು ಕರೆಗೂ ಅವನ ದನಿ ತಗ್ಗುತ್ತ ಹೋಯಿತು. ಸಾವ್ಕಾರರ ಬಾಯಿಯ ಅಡಿಕೆ ನಿಂತುಬಿಟ್ಟಿತು. ಒಂಬತ್ತನೆಯ ಕರೆಯ ನಂತರ ಫೋನು ಸುಮ್ಮನಾಯಿತು. ಬೇನಜೀರ ಕರೆವ್ವನ ಮುಖ ನೋಡಿದಳು. ಕರೆವ್ವ ಫೋನನ್ನೇ ನೋಡುತ್ತಿದ್ದಳು. ಅಂಗೈ ಬೆವೆತು, ಹೆಬ್ಬೆರಳ ಗೀರುಗಳಲ್ಲಿ ಖಾರ ಇಳಿದು ಉರಿಯುತ್ತಿತ್ತು.

“ರಾಣೆಬೆನ್ನೂರಿಗೆ ಹಚ್ರಿ,” ಎಂದರು ಸಾವ್ಕಾರರು. “ಅವ್ರು ಮಾಡಾಕತ್ತಿದ್ರ ಇವ್ರೆಲ್ಲಾ ಸಂಜೀಗೆ ಕಾಲಿಗೆ ಬೀಳ್ತಾರ. ಕೇಳ್ಲಿ ಇವ್ರೂ. ಸ್ಪೀಕರಿಗೆ ಹಾಕ್ರಿ.”

ಹಾಕಿದ. ಆ ಕಡೆಯಿಂದ ಮೇಲ್ವಿಚಾರಕನೊಬ್ಬ ಕೆಮ್ಮುತ್ತ ಮಾತಾಡಿದ. “ಸರ್, ನಾನ ಫೋನ್ ಮಾಡಬೇಕಂತಿದ್ನಿರಿ. ಎಂಟಾತು, ಕುಂತುಬಿಟ್ಟಾರ್ರಿ. ಬೈದೆ, ಒಂದಿಬ್ಬರನ್ನ ದಬ್ಬಿದೆ, ಏಳವಲ್ರು. ಮುಂದ ಒಬ್ಬಾಕಿ ಹುಡುಗಿ ಅದಾಳ್ರಿ, ಹೆಬ್ಬಟ್ಟು ಎತ್ತಿ ತೋರಸಾಕತ್ತಾಳ. ಇದನ್ನೂ ನಿಮ್ಮ ಟಿವಿಯೊಳಗ ತೋರ್ಸ್ರಿ ಅಂತಾಳ.”

ಕರೆವ್ವ ಕಣ್ಣು ಮುಚ್ಚಿ ತೆರೆದಳು.

ಸಾವ್ಕಾರರು ಎದ್ದರು. ಈಗ ನಗು ಇರಲಿಲ್ಲ. “ಫ್ಯಾನ್ ಬಂದ್ ಮಾಡು,” ಎಂದರು ವಿಜಯಮಹಾಂತೇಶನಿಗೆ. “ಷಟರ್ ಎಳಿ. ಹದಿನಾಲ್ಕು ಆಗೂತನಕ ಯಾವಾಕಿನೂ ಹೊರಗ ಬರಂಗಿಲ್ಲ. ನೋಡೇ ಬಿಡೂಣು.”

ಫ್ಯಾನು ನಿಂತಿತು. ಒಂದು ನಿಮಿಷದಲ್ಲಿ ಮೇಲೆ ತೇಲುತ್ತಿದ್ದ ಕೆಂಪು ಧೂಳು ಕೆಳಗಿಳಿಯಿತು. ಮೊದಲು ಕೆಮ್ಮಿದವನು ಮಧು. ಮಾಸ್ಕು ಕಿತ್ತು, ಕಣ್ಣು ಹಿಡಿದು, ಕುರ್ಚಿಗೆ ಎಡವಿ ಹೊರಗೋಡಿದ. ಸಾವ್ಕಾರರು ಪಂಚೆಯ ಚುಂಗನ್ನು ಮೂಗಿಗೆ ಒತ್ತಿಕೊಂಡು ಅವನ ಹಿಂದೆ. ವಿಜಯಮಹಾಂತೇಶ ಸೀನುತ್ತ ಸೀನುತ್ತ ಹೊರಗಿನಿಂದ ಷಟರ್ ಎಳೆದ. ಕೀಲಿ ಬಿದ್ದ ಸದ್ದಾಯಿತು.

ಒಳಗೆ ಕತ್ತಲಾಗಲಿಲ್ಲ. ಫ್ಯಾನಿನ ರೆಕ್ಕೆಗಳ ಸಂದಿನಿಂದ ಬಂದ ಬಿಸಿಲು ಕೆಂಪು ಧೂಳಿನಲ್ಲಿ ಕಂಬ ಕಂಬವಾಗಿ ನಿಂತಿತು. ಹೆಂಗಸರು ಮೂಗಿನ ಬಟ್ಟೆ ಬಿಚ್ಚಿ, ಮೂಲೆಯ ಕೊಡದಲ್ಲಿ ಅದ್ದಿ, ಮತ್ತೆ ಕಟ್ಟಿಕೊಂಡರು. ಬೇನಜೀರ ಲೋಟ ತುಂಬ ನೀರು ಮೊಗೆದು ಗಟಗಟ ಕುಡಿದಳು. ಇನ್ನೊಂದು ಮೊಗೆದು ಕರೆವ್ವನ ಕೈಗೆ ಕೊಟ್ಟಳು.

ಯಾರೋ ಜಯವ್ವನ ಬುಟ್ಟಿಗೆ ಕೈ ಹಾಕಲು ಹೋದರು. ಅದು ಅವಳ ಎಂಟನೆಯದು. ಕಾಲು ಭಾಗ ಖಾಲಿ ಇತ್ತು.

“ಯಾರೂ ಮುಟ್ಟಬ್ಯಾಡ್ರಿ,” ಎಂದಳು ಜಯವ್ವ. ಕೆಮ್ಮಿದಳು. “ನಾನ ತುಂಬತೇನಿ.”

ಷಟರಿನ ಆಚೆ ಫೋನು ಬಡಿದುಕೊಳ್ಳುತ್ತಿತ್ತು. ಯಾರೋ ಯಾರಿಗೋ ಪೊಲೀಸರನ್ನು ಕರೆಸೋಣವೇ ಎಂದು ಕೇಳುತ್ತಿದ್ದರು. ಒಳಗೆ ಹೆಂಗಸರೆಲ್ಲ ಕೈಕಟ್ಟಿ, ಕಣ್ಣಲ್ಲಿ ನೀರಿಳಿಸುತ್ತ, ಆ ಶುಂಠಿಯಂಥ ಬೆರಳುಗಳನ್ನೇ ನೋಡುತ್ತ ಕುಳಿತರು. ಟಕ್.

ಎಷ್ಟೋ ಹೊತ್ತಿಗೆ, ಇನ್ನೊಂದು.